ಕಾಗದದ ಮೇಲಿನ ಸಾಲು

ಆಗಸ್ಟ್ ೮, ೨೦೧೧, ಸೋಮವಾರ

ಈ ನೋಟ್‌ಬುಕ್ಕು ಸಂಘದ್ದು. ಬೀಜದ ಪಟ್ಟಿ ಬರೆಯಲು ತಂದದ್ದರಲ್ಲಿ ಒಂದು ಉಳಿದಿತ್ತು, ಮಾಧುರಿ ಅಕ್ಕ "ನೀ ತಗೋ" ಅಂದರು. ಕನ್ನಡದಲ್ಲಿ ಬರೆಯುತ್ತೇನೆ. ಹತ್ತನೆಯವರೆಗೆ ಬೀದರಿನ ಸಣ್ಣವ್ವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು ನಾನು. ಜಹೀರಾಬಾದಿನ ನಮ್ಮ ಆಫೀಸಿನಲ್ಲಿ ಕನ್ನಡ ಮಾತಾಡದವರಿಲ್ಲ, ಓದುವುದು ಮಾತ್ರ ಎಲ್ಲರೂ ತೆಲುಗೇ. ಇದನ್ನು ಮೇಜಿನ ಮೇಲೆ ತೆರೆದಿಟ್ಟು ಊಟಕ್ಕೆ ಹೋದರೂ ಭಯವಿಲ್ಲ.

ಬೆಳಿಗ್ಗೆ ಅಕ್ಕ ಬಂದವರೇ ನನ್ನನ್ನು ಕರೆದರು. ಎದ್ದು ನಿಂತೆ. ಅಕ್ಕ ನಮ್ಮ ಬೀಜ ಸಂಘದ ಕಾರ್ಯದರ್ಶಿ, ನಾರಾಯಣಖೇಡ್ ಕಡೆಯ ದೊಡ್ಡ ಒಕ್ಕಲು ಮನೆತನ. ನಾನು ನ್ಯಾಲ್ಕಲ್ ಕಡೆಯ ಕೇರಿಯವಳು, ಇಲ್ಲಿ ಟೈಪಿಸ್ಟು. ಆದರೆ ಅಕ್ಕ ಎಂದೂ ಭೇದ ಮಾಡಿದವರಲ್ಲ. ನನ್ನ ಚಹಾದ ಲೋಟ ಅದಲುಬದಲಾಗದಿರಲಿ ಎಂದು ತಳಕ್ಕೆ ಕೆಂಪು ಬಣ್ಣದ ಚುಕ್ಕೆ ಕೂಡ ಹಾಕಿಸಿಕೊಟ್ಟಿದ್ದಾರೆ.

"ಸ್ಪೇನ್‌ದಿಂದ ಒಬ್ಬಾಕಿ ಬರ್ತಾಳಂತ, ಸೆಪ್ಟೆಂಬರ್ ಆಖರಿಗೆ," ಅಂದರು. "ಪಿಲಾರ್ ಅಂತ ಹೆಸರು. ಅಲ್ಲಿ ಹೆಣ್ಮಕ್ಕಳ ಬೀಜದ ಸಂಘ ನಡಸ್ತಾಳ. ಹೋದ ವರ್ಷದಂಗ ಆಗಬಾರದು ನೋಡು."

ಹೋದ ವರ್ಷದ್ದು ನೆನೆದರೆ ಈಗಲೂ ನಗು, ಅದರ ಹಿಂದೆಯೇ ಅಳು. ಯಾವುದೋ ದೂರದೇಶದ ಹೆಣ್ಣುಮಗಳು ನಮ್ಮ ಸಂಘ ನೋಡಲು ಬಂದಿದ್ದಳು. ನಮ್ಮ ಕೇರಿಯ ಸುಮಿತ್ರಾಬಾಯಿ ನಲವತ್ತು ಬಗೆಯ ಬೀಜ ಗಡಿಗೆಯಲ್ಲಿಟ್ಟು ಕಾಯುವ ಮುದುಕಿ. ಆಕೆಯನ್ನು ಕಂಡ ಖುಷಿಗೆ ಅತಿಥಿ ಕೆನ್ನೆಗೆ ಕೆನ್ನೆ ಹಚ್ಚಲು ಬಗ್ಗಿದಳು. ಸುಮಿತ್ರಾಬಾಯಿ ಸೆರಗು ಬಾಚಿಕೊಂಡು ಮೂರು ಹೆಜ್ಜೆ ಹಿಂದಕ್ಕೆ ಹಾರಿದಳು. "ದೂರ ದೂರ್ರೀ ಬಾಯಿ, ನಾ ಕೇರ್ಯಾಕಿ, ಮುಟ್ಟಿಸ್ಕೋಬ್ಯಾಡ್ರಿ!" ಅರವತ್ತು ವರ್ಷ ಊರವರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದೂರ ಸರಿದು ನಿಂತವಳು, ಅವತ್ತೂ ಕಾಲು ತಾನಾಗಿಯೇ ಹಿಂದೆ ಹೋಯಿತು. ಆ ಅತಿಥಿಗೆ ಮಾತು ತಿಳಿಯಲಿಲ್ಲ. ಪಾಪ, ತನ್ನ ಮೈಯೇ ನಾರುತ್ತಿದೆಯೇನೋ ಎಂದು ತೋಳು ಮೂಸಿ ನೋಡಿಕೊಂಡಳು.

"ಈ ಸಲ ಮೊದಲೇ ಕೇಳಿ ಇಟ್ಕೊಳ್ಳೋಣು," ಅಂದರು ಅಕ್ಕ. "ಅವರ ನಮಸ್ಕಾರದ ಪದ್ಧತಿ ಹೆಂಗದ, ಯಾರಿಗೆ ಏನನ್ನಬೇಕು, ಎಲ್ಲಾ ಕೇಳಿ ಪತ್ರ ಬರಿ. ನಿನ್ನ ಇಂಗ್ಲಿಷ್ ಚಲೋ ಅದ."

ಚಲೋ ಅದ ಅಂದರು. ಮಧ್ಯಾಹ್ನದವರೆಗೆ ಅದೇ ಮಾತು ಕಿವಿಯಲ್ಲಿತ್ತು.

ಆಗಸ್ಟ್ ೧೨, ಶುಕ್ರವಾರ

ಪತ್ರ ಮುಗಿಯಿತು. ನಾಲ್ಕು ದಿನ ಹಿಡಿಯಿತು ಅಂದರೆ ಯಾರಾದರೂ ನಗುತ್ತಾರೆ. ನಾನು ಕೇಳಿದ ಪ್ರಶ್ನೆಗಳು ಇವು: ನಿಮ್ಮಲ್ಲಿ ಇಬ್ಬರು ಎದುರಾದರೆ ಯಾರು ಮೊದಲು ಮಾತಾಡಿಸಬೇಕು? ದೊಡ್ಡವರು ಬಂದಾಗ ಚಿಕ್ಕವರು ಎದ್ದು ನಿಲ್ಲಬೇಕೆ? ಸ್ಪ್ಯಾನಿಷ್‌ನಲ್ಲಿ ಬೆಳಿಗ್ಗೆ ಏನನ್ನುತ್ತೀರಿ, ಸಂಜೆ ಏನನ್ನುತ್ತೀರಿ? ದೂರ ನಿಂತು ನಮಸ್ಕರಿಸಬೇಕಾದ ಜನ ಯಾರಾದರೂ ಇದ್ದಾರೆಯೆ? ನಮಸ್ಕಾರ ಮಾಡಿದವರಿಗೆಲ್ಲ ತಿರುಗಿ ನಮಸ್ಕಾರ ಸಿಗುತ್ತದೆಯೆ?

ಸುಮಿತ್ರಾಬಾಯಿಯ ಮೂರು ಹೆಜ್ಜೆಯ ಕಥೆಯನ್ನೂ ಬರೆದೆ. ಮುಚ್ಚಿಡುವುದೇಕೆ?

ಆಫೀಸಿನ ಕಂಪ್ಯೂಟರಿಗೆ ನೆಟ್ ಇಲ್ಲ. ನಾನು ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಅಕ್ಕ ಮನೆಯಿಂದ ಸಂಘದ ಮೇಲ್‌ನಲ್ಲಿ ಕಳಿಸುತ್ತಾರೆ. ಕೊನೆಯಲ್ಲಿ "ನಿಮ್ಮ, ಸ್ವರೂಪಾ" ಎಂದು ಹೊಡೆದು, ಸ್ಪೆಲ್ಲಿಂಗ್ ಎರಡು ಸಲ ನೋಡಿದೆ. ಬೇರೆ ದೇಶದವರೊಬ್ಬರು ನನ್ನ ಹೆಸರು ಓದುತ್ತಾರೆ. ಇಲ್ಲಿಯವರೆಗೆ ಅದನ್ನು ಓದಿದ್ದು ರೇಷನ್ ಅಂಗಡಿಯವನೊಬ್ಬನೇ.

ಆಗಸ್ಟ್ ೧೯, ಶುಕ್ರವಾರ

ಉತ್ತರ ಬಂತು! ಅಕ್ಕ ಮನೆಯಲ್ಲಿ ಪ್ರಿಂಟ್ ತೆಗೆದು ತಂದರು. ಹಾಳೆಯ ಮೇಲ್ತುದಿ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದೆ, ನಾಲ್ಕು ಬೆರಳಗಲ. ಅಕ್ಕ ಕಾಗದ ಹಾಳು ಮಾಡುವವರಲ್ಲ, ಖಾಲಿ ಭಾಗವನ್ನು ಚೀಟಿ ಬರೆಯಲು ಇಟ್ಟುಕೊಂಡಿರಬೇಕು.

ಪಿಲಾರ್‌ಗೆ ಐವತ್ತಾರು ವರ್ಷ. ಒಣಭೂಮಿಯಲ್ಲಿ ಕಡಲೆ ಬೆಳೆಯುತ್ತಾಳೆ. ಬರೆದಿದ್ದಾಳೆ: ಕಂಡಕೂಡಲೇ "ಓಲಾ" ಅನ್ನಬಹುದು. ಬೆಳಿಗ್ಗೆಯಾದರೆ "ಬ್ಯುಯೆನೊಸ್ ದಿಯಾಸ್". ಹೆಂಗಸರು ಹೆಂಗಸರನ್ನು ಕಂಡರೆ ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ ತಾಗಿಸಿ, ಗಾಳಿಗೆ ಸಣ್ಣಗೆ ಮುತ್ತಿನ ಸದ್ದು ಮಾಡಬೇಕು. ಯಾರು ಮೊದಲು ಅನ್ನುವುದು ಇಲ್ಲ, ಇಬ್ಬರೂ ಒಟ್ಟಿಗೇ ಬಗ್ಗುವುದು. ಎಷ್ಟೇ ಜನರಿದ್ದರೂ ಬರುವಾಗ ಒಬ್ಬೊಬ್ಬರಿಗೂ ಮಾಡಬೇಕು, ಹೋಗುವಾಗಲೂ ಒಬ್ಬೊಬ್ಬರಿಗೂ. ಒಬ್ಬಳನ್ನು ಬಿಟ್ಟರೆ ಆಕೆ ಸಾಯುವವರೆಗೆ ಮರೆಯುವುದಿಲ್ಲ. ತನ್ನ ಊರಲ್ಲಿ ಹಾಗೆ ಬಿಟ್ಟದ್ದಕ್ಕೆ ಹದಿನೆಂಟು ವರ್ಷ ಮಾತು ಬಿಟ್ಟ ಅಕ್ಕತಂಗಿಯರಿದ್ದಾರಂತೆ.

ಆಮೇಲೆ: "ನಿನ್ನ ನಾಲ್ಕನೇ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ದೂರ ನಿಂತು ಯಾರಿಗೆ ನಮಸ್ಕರಿಸುತ್ತಾರೆ? ನೆಗಡಿಯಾದವರಿಗೆಯೆ?"

ಇದನ್ನು ಓದಿ ಒಬ್ಬಳೇ ನಕ್ಕೆ. ನಗು ನಿಲ್ಲಲೊಲ್ಲದು. ನಮ್ಮ ಕೇರಿಗೆಲ್ಲ ಮುನ್ನೂರು ವರ್ಷದಿಂದ ನೆಗಡಿ.

ಆಗಸ್ಟ್ ೨೫, ಗುರುವಾರ

ಇವತ್ತು ನಾನು ಮತ್ತು ಅಕ್ಕ ಅಭ್ಯಾಸ ಮಾಡಿದೆವು. "ಬಾ, ಮಾಡಿ ತೋರಿಸು, ನಂಗ ಗೊತ್ತಾಗಬೇಕಲ್ಲ," ಅಂದರು. ಬಾಗಿಲು ಮುಚ್ಚಿದರು. ಹೌದು, ಹೊರಗೆ ಜನ ಓಡಾಡುತ್ತಾರೆ, ನೋಡಿದವರು ಹುಚ್ಚರು ಅಂದುಕೊಳ್ಳಬಾರದು.

ನಾನು ಮುಂದೆ ಬಗ್ಗಿದೆ. ಅಕ್ಕನೂ ಬಗ್ಗಿದರು. ಮೊದಲ ಸಲ ಮೂಗಿಗೆ ಮೂಗು ಬಡಿಯಿತು. ಎರಡನೇ ಸಲ ಸರಿಯಾಯಿತು. ಅಕ್ಕನ ಕೆನ್ನೆ ತಣ್ಣಗಿತ್ತು, ಚಂದನದ ಪೌಡರಿನ ವಾಸನೆ. ಇಪ್ಪತ್ತೊಂಬತ್ತು ವರ್ಷದ ನನ್ನ ಬದುಕಿನಲ್ಲಿ ಊರೊಳಗಿನ ಹೆಂಗಸಿನ ಕೆನ್ನೆ ನನ್ನ ಕೆನ್ನೆಗೆ ತಾಗಿದ್ದು ಇದೇ ಮೊದಲು. ಇದನ್ನು ಬರೆಯುವಾಗಲೂ ಎದೆ ತುಂಬಿ ಬರುತ್ತಿದೆ.

ಅಭ್ಯಾಸ ಮುಗಿದ ಮೇಲೆ ಅಕ್ಕ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಸೆಖೆಯೂ ಬಹಳವಿತ್ತು.

ಸೆಪ್ಟೆಂಬರ್ ೫, ಸೋಮವಾರ

ಐದು ಪತ್ರ ಹೋದವು, ಐದು ಬಂದವು. ಈಗ ನಮಸ್ಕಾರ ದಾಟಿ ಮನೆಯ ಸುದ್ದಿಗೆ ಬಂದಿದ್ದೇವೆ. ಅವ್ವನ ಮೊಣಕಾಲು ನೋವಿನ ಬಗ್ಗೆ ಬರೆದಿದ್ದೆ. ತನ್ನ ತಾಯಿಗೂ ಅದೇ, ಅಲ್ಲಿ ರೊಮೇರೊ ಎಂಬ ಗಿಡದ ಎಲೆಯನ್ನು ಸಾರಾಯಿಯಲ್ಲಿ ನೆನೆಹಾಕಿ ತಿಕ್ಕುತ್ತಾರೆ, ಒಂದು ಬಾಟಲಿ ತರುತ್ತೇನೆ ಎಂದು ಬರೆದಿದ್ದಾಳೆ. ಅವ್ವ ಕೇಳಿ, "ಸಾರಾಯಿ ಕಾಲಿಗ್ಯಾಕ ದಂಡ? ನಿಮ್ಮಪ್ಪ ಇದ್ದಿದ್ರ ಅಳ್ತಿದ್ದ," ಅಂದಳು.

"ನೀವು ಹೇಗೆ ನಮಸ್ಕರಿಸುತ್ತೀರಿ?" ಎಂದು ಈ ಸಲ ಅವಳೇ ಕೇಳಿದ್ದಳು. ನಾನು ಬರೆದೆ: ಊರವರು ಶರಣು ಅನ್ನುತ್ತಾರೆ, ನಮಸ್ಕಾರ್ರಿ ಅನ್ನುತ್ತಾರೆ, ಸಾಬರು ಸಲಾಂ ಅನ್ನುತ್ತಾರೆ. ನಮ್ಮ ಜನ, ಬಾಬಾಸಾಹೇಬರ ಹಾದಿ ಹಿಡಿದು ಬೌದ್ಧರಾದವರು, "ಜೈ ಭೀಮ್" ಅನ್ನುತ್ತೇವೆ. ಜೈ ಭೀಮ್ ಅಂದವರಿಗೆ ಜೈ ಭೀಮ್ ಎಂದೇ ಉತ್ತರ ಕೊಡಬೇಕು, ಬೇರೆ ಯಾವ ಮಾತೂ ನಡೆಯುವುದಿಲ್ಲ. ಕೊಡದವರು ನಮ್ಮವರಲ್ಲ. ಇದನ್ನು ನಾನು ಮನೆಯಲ್ಲಿ, ಕೇರಿಯಲ್ಲಿ ಅನ್ನುತ್ತೇನೆ, ಆಫೀಸಿನಲ್ಲಿ ಅನ್ನುವುದಿಲ್ಲ. ನೀನು ಬಂದಾಗ ನನಗೆ ಜೈ ಭೀಮ್ ಅಂದರೆ ನನಗೆ ಬಹಳ ಸಂತೋಷವಾಗುತ್ತದೆ.

ಇದನ್ನು ಅಕ್ಕ ಓದಿದರೆ ಏನಂದುಕೊಳ್ಳುತ್ತಾರೋ ಎಂದು ಕ್ಷಣ ಹೆದರಿದೆ. ಆದರೆ ಅಕ್ಕನಿಗೆ ಉದ್ದದ ಇಂಗ್ಲಿಷ್ ಓದಲು ಬೇಸರ. "ನೀ ಬರದೀ ಅಂದ್ರ ಆತು," ಅನ್ನುತ್ತಾರೆ. ನಂಬಿಕೆ ಅಂದರೆ ಹಾಗಿರಬೇಕು.

ಈ ಪತ್ರದಲ್ಲಿ ಇನ್ನೊಂದು ಪ್ರಶ್ನೆ ಹಾಕಿದ್ದೇನೆ: ಸ್ಪ್ಯಾನಿಷ್‌ನಲ್ಲಿ ಗೆಳತಿಗೆ ಪತ್ರ ಬರೆಯುವಾಗ ಮೇಲೆ ಏನೆಂದು ಬರೆದು ಶುರುಮಾಡುತ್ತಾರೆ?

ಸೆಪ್ಟೆಂಬರ್ ೧೩, ಮಂಗಳವಾರ

ಇವತ್ತಿನಿಂದ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ. ಕಚೇರಿಗಳಿಗೆ ಬೀಗ. ಎಲ್ಲರ ಫೋನಿನಲ್ಲೂ ಹಲೋ ಹೋಗಿ ಜೈ ತೆಲಂಗಾಣ ಬಂದಿದೆ. ನನಗೂ ನಮ್ಮ ರಾಜ್ಯ ಬೇಕು, ನಾನೂ ಅನ್ನುತ್ತೇನೆ. ಅಕ್ಕನ ತಂದೆ ಅಂಜಪ್ಪನವರು ಮೆರವಣಿಗೆಯ ಮುಂದೆ ಇದ್ದರು.

ಪಿಲಾರ್ ಬರುವುದಕ್ಕೆ ಏನೂ ಅಡ್ಡಿಯಾಗದಿದ್ದರೆ ಸಾಕು.

ಸೆಪ್ಟೆಂಬರ್ ೧೭, ಶನಿವಾರ

ಉತ್ತರ ಬಂತು. ಪತ್ರ ಶುರುಮಾಡುವ ಪ್ರಶ್ನೆಗೆ ಅವಳು ಬರೆದದ್ದು ಇಷ್ಟೇ: "ಅದನ್ನು ಬೇರೆಯಾಗಿ ಯಾಕೆ ಹೇಳಲಿ? ಈ ಹಾಳೆಯ ಮೇಲೆ ನೋಡು. ನಾವು ಹೇಗೆ ಬರೆಯುತ್ತೇವೋ ಹಾಗೆಯೇ ನಿನ್ನ ಹೆಸರು ಹಿಡಿದು ಬರೆದಿದ್ದೇನೆ."

ಮೇಲೆ ನೋಡಿದೆ. ಮೇಲೆ ಏನಿದೆ, ಕತ್ತರಿಯ ಗುರುತು.

ಅಕ್ಕನನ್ನು ಕೇಳಿದೆ. "ಪ್ರಿಂಟರ್ ಮ್ಯಾಲಿಂದು ನುಂಗ್ತದ, ಖರಾಬ್ ಆಗ್ಯಾದ. ಅರ್ಧಮರ್ಧ ಅಕ್ಷರ ಚಂದ ಕಾಣಲ್ಲಂತ ಕತ್ತರಿಸಿ ತರ್ತೀನಿ," ಅಂದರು. ಹಾಗಾದರೆ ಸರಿ. ಆದರೂ ಅವಳು ನನ್ನ ಹೆಸರನ್ನು ಅವರ ಭಾಷೆಯಲ್ಲಿ ಹೇಗೆ ಬರೆದಿದ್ದಳೋ, ನೋಡಬೇಕಿತ್ತು. ಹಾಳಾದ ಪ್ರಿಂಟರ್, ನುಂಗುವುದಕ್ಕೆ ಅದೇ ಸಾಲು ಬೇಕಿತ್ತೇ?

ಸೆಪ್ಟೆಂಬರ್ ೨೦, ಮಂಗಳವಾರ

ಬಸ್ಸು ನಿಂತವು. ಜೀಪಿನ ಹಿಂದೆ ಜೋತುಬಿದ್ದು ಬಂದೆ. ಕರೆಂಟೂ ಇಲ್ಲ.

ಸೆಪ್ಟೆಂಬರ್ ೨೩, ಶುಕ್ರವಾರ

ಪಿಲಾರ್ ಬರುವುದು ಮುಂದೆ ಹೋಯಿತು. "ಈ ಬಂದ್‌ನ್ಯಾಗ ಆಕಿ ಹೆಂಗ ಬರ್ತಾಳ? ದಸರಾ ಆದಮ್ಯಾಲ ನೋಡಮು ಅಂತ ಬರದಾಳ," ಅಂದರು ಅಕ್ಕ. ಆ ಪತ್ರ ಕೊಡಿ ಅಂದರೆ, ಪ್ರಿಂಟ್ ತೆಗೆಯಲು ಕರೆಂಟಿರಲಿಲ್ಲವಂತೆ.

ಮನಸ್ಸು ಸಪ್ಪಗಾಯಿತು. ಅವ್ವನದೂ. ದಿನಾ ಸಂಜೆ ಮೊಣಕಾಲು ತಿಕ್ಕಿಕೊಳ್ಳುತ್ತ "ಎಲ್ಲೀತನಕ ಬಂದಾಳ ನಿನ್ನ ಸ್ಪೇನಾಕಿ?" ಎಂದು ಕೇಳುತ್ತಿದ್ದಳು.

ಸೋಮವಾರ ನಾನು ತಾಂಡೂರಿಗೆ ಹೋಗಬೇಕು. ಅಲ್ಲಿ ಯಂಕಪ್ಪನ ಪ್ರೆಸ್ಸಿನಲ್ಲಿ ಸಂಘದ ಕರಪತ್ರ ಅಚ್ಚಾಗಬೇಕಂತೆ. "ನಿನಗ ಪೆದ್ದೆಮುಲ್‌ದಾಗ ಸೋದರತ್ತಿ ಇದ್ದಾಳಲ್ಲ, ನಾಕು ದಿನ ಆರಾಮ ಇದ್ದು ಬಾ, ಜಲ್ದಿ ಏನಿಲ್ಲ," ಅಂದರು. ಮೂರು ವರ್ಷದಲ್ಲಿ ಅಕ್ಕ ನನಗೆ ರಜೆ ಕೊಟ್ಟದ್ದು ಇದೇ ಮೊದಲು. ನನ್ನ ಬೇಸರ ಅರ್ಥಮಾಡಿಕೊಂಡೇ ಕಳಿಸುತ್ತಿರಬೇಕು.

ಸೆಪ್ಟೆಂಬರ್ ೨೬, ಸೋಮವಾರ. ಪೆದ್ದೆಮುಲ್

ಎರಡು ಜೀಪು, ಒಂದು ಟ್ರ್ಯಾಕ್ಟರ್ ಹತ್ತಿ ಇಳಿದು ಬಂದೆ. ಅತ್ತೆ ತುಳಜಾಬಾಯಿ ತೊಗರಿ ಹೊಲದಲ್ಲಿದ್ದಳು. ದೂರದಿಂದಲೇ "ಜೈ ಭೀಮ್, ಬಂದ್ಯಾ ನಮ್ಮವ್ವ!" ಎಂದು ಕೂಗಿದಳು. ನಾನು ಓಡಿಹೋಗಿ ಎರಡೂ ಕೆನ್ನೆಗೆ ಕೆನ್ನೆ ಹಚ್ಚಿದೆ. "ಏ ಹುಚ್ಚಿ, ಏನಿದು, ಬೆಕ್ಕಿನಂಗ?" ಅಂದಳು. ಆಮೇಲೆ ಪಕ್ಕದ ಹೊಲದವರಿಗೆಲ್ಲ ಕರೆಕರೆದು ಮಾಡಿಸಿ ತೋರಿಸಿದಳು.

ಸೆಪ್ಟೆಂಬರ್ ೨೭, ಮಂಗಳವಾರ. ಪೆದ್ದೆಮುಲ್

ಬೆಳಿಗ್ಗೆ ತಾಂಡೂರಿಗೆ ಹೋಗಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಯಂಕಪ್ಪ ಪ್ರೆಸ್ಸಿನಲ್ಲಿ ಕರೆಂಟಿಗಾಗಿ ಕಾಯುತ್ತ ಕೂತಿದ್ದ. ಕರಪತ್ರದ ಫೈಲು ಅವನಿಗೆ ಬಂದೇ ಇರಲಿಲ್ಲ. "ಸಂಘದ ಮೇಲ್‌ನಾಗ ಇರ್ತದ, ನೀವೇ ತೆಗೀರಿ," ಅಂದ. ನಾನು ಅಕ್ಕನಿಗೆ ಫೋನು ಮಾಡಿದೆ. ಅತ್ತ ಕಡೆ ಬಹಳ ಗದ್ದಲ, ಯಾರೋ ಶಾಮಿಯಾನದ ಗೂಟ ಬಡಿಯುತ್ತಿದ್ದರು. "ಜೈ ತೆಲಂಗಾಣ, ಹೇಳು ಜಲ್ದಿ," ಅಂದರು. ಮೇಲ್‌ನ ಪಾಸ್‌ವರ್ಡ್ ಕೇಳಿದೆ. ಬೇರೆ ಕಡೆ ಯಾರಿಗೋ "ಕುರ್ಚಿ ಈ ಕಡಿ ಹಾಕ್ರಿ" ಎಂದು ಕೂಗುತ್ತ, ನನಗೆ ಪಾಸ್‌ವರ್ಡ್ ಹೇಳಿ ಇಟ್ಟುಬಿಟ್ಟರು. ಏನು ಕೊಡುತ್ತಿದ್ದೇನೆಂಬ ಖಬರೇ ಅವರಿಗಿರಲಿಲ್ಲ.

ಕರೆಂಟು ಬಂತು. ಮೇಲ್ ತೆರೆದೆ. ಮೊದಲ ಸಾಲಿನಲ್ಲೇ ಪಿಲಾರ್‌ಳ ಹೆಸರು. ನಿನ್ನೆ ಬಂದ ಪತ್ರ. ಹೈದರಾಬಾದಿಗೆ ಬಂದಿಳಿದಿದ್ದೇನೆ, ಬುಧವಾರ ಹನ್ನೊಂದಕ್ಕೆ ನಾರಾಯಣಖೇಡಿನ ನಿಮ್ಮ ಬೀಜದ ಮನೆಯಲ್ಲಿರುತ್ತೇನೆ, ಕಾರು ಗೊತ್ತು ಮಾಡಿದ್ದಕ್ಕೆ ಧನ್ಯವಾದ. ಬುಧವಾರ ಅಂದರೆ ನಾಳೆ.

ಆ ಪತ್ರದ ಮೇಲಿನ ಸಾಲು ಯಾರೂ ಕತ್ತರಿಸಿರಲಿಲ್ಲ. "ಕೆರಿದಾ ಮಾಧುರಿ," ಎಂದಿತ್ತು. ಪ್ರೀತಿಯ ಮಾಧುರಿ.

ಒಂದೊಂದಾಗಿ ಹಿಂದಕ್ಕೆ ಹೋದೆ. ಪ್ರತಿಯೊಂದರ ಮೇಲೂ ಅದೇ. ಕಳಿಸಿದ ಪತ್ರಗಳನ್ನು ತೆರೆದೆ. ನನ್ನ ಪ್ರಶ್ನೆಗಳು, ನನ್ನ ಸುಮಿತ್ರಾಬಾಯಿ, ನನ್ನ ಅವ್ವನ ಮೊಣಕಾಲು. ಒಂದಕ್ಷರ ಆಚೀಚೆಯಾಗಿಲ್ಲ, ಕೊನೆಯ ಹೆಸರೊಂದು ಬಿಟ್ಟು. ನಡುವೆ ಒಂದು ಪತ್ರದಲ್ಲಿ ಮಾತ್ರ ಹೆಸರು ಬದಲಿಸುವುದು ಮರೆತುಹೋಗಿತ್ತು. ಅದಕ್ಕೆ ಪಿಲಾರ್ ಕೇಳಿದ್ದಳು, ಸ್ವರೂಪಾ ಯಾರು ಎಂದು. ಆ ಪತ್ರ ನನಗೆ ಯಾರೂ ತಂದು ತೋರಿಸಿರಲಿಲ್ಲ. ಉತ್ತರ ಒಂದೇ ಸಾಲು, ತಪ್ಪುತಪ್ಪು ಇಂಗ್ಲಿಷಿನಲ್ಲಿ: "ಅವಳು ನನಗೆ ಟೈಪ್ ಮಾಡಿಕೊಡುವ ಹುಡುಗಿ."

ನೋಟ್‌ಬುಕ್ಕಿನಲ್ಲಿ ಕತ್ತರಿಸಿದ ಹಾಳೆಗಳಿದ್ದವು. ತೆಗೆದು ಪರದೆಯ ಪಕ್ಕ ಹಿಡಿದೆ. ಪ್ರತಿಯೊಂದರಲ್ಲೂ ಇಲ್ಲದ ಜಾಗ ಸರಿಯಾಗಿ ಆ ಹೆಸರಿನ ಸಾಲಿಗೇ ಮುಗಿಯುತ್ತಿತ್ತು.

ಯಂಕಪ್ಪ "ಏನಾತವ್ವ, ಯಾರಾರ ಹೋದ್ರೇನು?" ಅಂದ. ನಾನು ಅಳುತ್ತಿದ್ದೆನಂತೆ. ಯಾರೂ ಸತ್ತಿಲ್ಲ ಅಂದೆ. ಕರಪತ್ರ ಅಚ್ಚು ಮಾಡಿಸಿಕೊಂಡೆ. ಕೆಲಸ ಕೆಲಸವೇ.

ಮಾಧುರಿಗೆ ಮತ್ತೊಮ್ಮೆ ಫೋನು ಮಾಡಿ ಕೇಳಿದೆ, ಯಾಕೆ ಎಂದು. ಮೆತ್ತಗೆ ಹೇಳಿದಳು: "ಹೆಸರಿನಾಗ ಏನದ ಸ್ವರೂಪಾ? ಕೆಲಸ ಸಂಘದ್ದು. ನಮ್ಮಪ್ಪ, ಊರ ಮಂದಿ ಎಲ್ಲಾ ಬರ್ತಾರ. ಆಕಿ ಕಾರಿಳಿದು ಸೀದಾ ನಿನ್ನ ಅಪ್ಕೊಂಡ್ರ ಹೆಂಗ ಕಾಣ್ತದ, ನೀನೇ ಹೇಳು. ನೀ ತಿಳುವಳಿಕಿದ್ದಾಕಿ."

ತಿಳುವಳಿಕೆ ಇದ್ದವಳೇ. ಅದಕ್ಕೇ ಇಷ್ಟು ತಡವಾಗಿ ತಿಳಿಯಿತು. ಬಾಗಿಲು ಮುಚ್ಚಿದ್ದು, ಮುಖ ತೊಳೆದದ್ದು, ಕತ್ತರಿ, ಲೋಟದ ಚುಕ್ಕೆ. ಎಲ್ಲಕ್ಕೂ ನಾನೇ ಮುಂದೆ ನಿಂತು ಕಾರಣ ಹುಡುಕಿಕೊಟ್ಟೆ. ಕೆನ್ನೆ ಉರಿಯುತ್ತಿದೆ, ಅವಳ ಕೆನ್ನೆ ತಾಗಿದ ಜಾಗ.

ಅತ್ತೆ ಪೂರ್ತಿ ಕೇಳಿ ಒಂದೇ ಮಾತು ಅಂದಳು: "ನಾಳಿ ಬೆಳಕು ಹರ್ಯಾಕ ಜೀಪ್ ಅದ."

ಸೆಪ್ಟೆಂಬರ್ ೨೯, ಗುರುವಾರ. ಮನೆ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಮಧ್ಯಾಹ್ನ, ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ.

ಪೆದ್ದೆಮುಲ್‌ನಿಂದ ಜಹೀರಾಬಾದಿಗೆ ಬರುವಷ್ಟರಲ್ಲೇ ಹತ್ತಾಯಿತು. ದಾರಿಯಲ್ಲಿ ಒಂದು ಕಡೆ ಚಳವಳಿಯವರು ರಸ್ತೆ ನಡುವೆ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಊಟ ಮಾಡದೆ ಯಾರೂ ಮುಂದೆ ಹೋಗುವಂತಿಲ್ಲ. ನಿಂತೇ ಎರಡು ತುತ್ತು ನುಂಗಿ, ಜೈ ತೆಲಂಗಾಣ ಎಂದು ಕೂಗಿ, ಇನ್ನೊಂದು ಜೀಪು ಹಿಡಿದೆ. ಕರಪತ್ರದ ಗಂಟು ತೊಡೆಯ ಮೇಲೆ. ನಾರಾಯಣಖೇಡ್ ಮುಟ್ಟಿದಾಗ ಹನ್ನೆರಡೂವರೆ.

ಬೀಜದ ಮನೆಯ ಅಂಗಳದಲ್ಲಿ ಶಾಮಿಯಾನ. ಮುಂದಿನ ಕುರ್ಚಿಗಳಲ್ಲಿ ಅಂಜಪ್ಪನವರು, ಅವರ ಹೆಂಡತಿ, ಊರ ಹಿರಿಯರು. ಸಂಘದ ಹೆಂಗಸರು ಜಮಖಾನದ ಮೇಲೆ. ಅವರಲ್ಲೂ ನಮ್ಮ ಕೇರಿಯವರು ಹಿಂದೆ, ಗೋಡೆಗೆ. ಮಾಧುರಿಯ ತಾಯಿಯ ಮುಂದಿನ ಮೇಜಿನ ಮೇಲೆ ಹಸಿರು ಬಾಟಲಿಯೊಂದು. ಅದು ಯಾವ ಬಾಟಲಿ ಎಂದು ಯಾರೂ ನನಗೆ ಹೇಳಬೇಕಿರಲಿಲ್ಲ. ಆಕೆ ಗಟ್ಟಿಮುಟ್ಟಾಗಿದ್ದಾಳೆ, ಎರಡು ಮಹಡಿ ಹತ್ತಿ ಇಳಿಯುತ್ತಾಳೆ.

ನಾನು ಬಾಗಿಲ ಹತ್ತಿರ ನಿಂತೆ. ಬಹಳ ದಾಹವಾಗಿತ್ತು. ಅಲ್ಲಿದ್ದ ಟ್ರೇಯಿಂದ ಯಾವುದೋ ಲೋಟ ಎತ್ತಿ ನೀರು ಕುಡಿದೆ.

ಪಿಲಾರ್ ಕುಳ್ಳಗಿದ್ದಾಳೆ, ಬಿಸಿಲಿಗೆ ಸುಟ್ಟ ಮುಖ, ಒರಟು ಕೈ. ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದಳು. ನನ್ನ ಗೆಳತಿ ನನ್ನಿಂದ ನಮ್ಮ ನಮಸ್ಕಾರ ಕಲಿತಳು, ತನ್ನದನ್ನು ನನಗೆ ಕಲಿಸಿದಳು, ಎಲ್ಲರೆದುರಿಗೆ ಅದನ್ನು ಅವಳಿಗೆ ಹೇಳಬೇಕೆಂದು ಕಾದಿಟ್ಟುಕೊಂಡಿದ್ದೇನೆ ಅಂದಳು. ಮಾಧುರಿಯ ಕಡೆ ತಿರುಗಿದಳು. ಎರಡೂ ಕೈ ಜೋಡಿಸಿ, ಎಷ್ಟು ದಿನ ಬಾಯಿಪಾಠ ಮಾಡಿದ್ದಳೋ, ಸ್ಪಷ್ಟವಾಗಿ ಅಂದಳು: "ಜೈ ಭೀಮ್, ಮಾಧುರಿ."

ಅಂಜಪ್ಪನವರು ಕುರ್ಚಿಯಲ್ಲಿ ಸರಿದು ಕೂತರು. ಮಾಧುರಿಯ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಅಪ್ಪನ ಕಡೆಗಿತ್ತು. ಒಂದು ಮಾತು ಅಷ್ಟೇ. ಅಂದಿದ್ದರೆ ನಾನು ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ, ಸುಳ್ಳು ಬರೆಯುತ್ತಿಲ್ಲ. ಅವಳು ಕೈ ಮೇಲೆತ್ತಿ "ಜೈ ತೆಲಂಗಾಣ!" ಅಂದಳು.

ಕುರ್ಚಿಗಳೆಲ್ಲ ಬದುಕಿಕೊಂಡವು. "ಜೈ ತೆಲಂಗಾಣ! ಜೈ ತೆಲಂಗಾಣ!" ಚಪ್ಪಾಳೆ. ಬೆಳಿಗ್ಗೆ ನಾನೇ ಬಾಯಿತುಂಬ ಕೂಗಿದ ಮಾತು, ಈಗ ನನ್ನ ಬಾಯಿ ಮುಚ್ಚಲು ಬಂತು.

ಪಿಲಾರ್ ಕೈ ಜೋಡಿಸಿಕೊಂಡು ಹಾಗೇ ನಿಂತಿದ್ದಳು. ಬೇರೆ ಯಾವ ಮಾತೂ ನಡೆಯುವುದಿಲ್ಲ ಎಂದು ಬರೆದುಕೊಟ್ಟವಳು ನಾನು. ಆಕೆ ಕಾಯುತ್ತಿದ್ದಳು.

"ಜೈ ಭೀಮ್," ಅಂದೆ. ಮೆತ್ತಗೆ ಅಂದೆನೆಂದುಕೊಂಡಿದ್ದೆ, ಅಂಗಳಕ್ಕೆಲ್ಲ ಕೇಳಿಸಿತಂತೆ. ನನ್ನ ಹಿಂದೆಯೇ ಗೋಡೆಯ ಕಡೆಯಿಂದ ಸುಮಿತ್ರಾಬಾಯಿ, "ಜೈ ಭೀಮವ್ವಾ, ಜೈ ಭೀಮ್!" ಅಂದಳು. ಆಮೇಲೆ ಅಲ್ಲಿದ್ದ ನಮ್ಮವರೆಲ್ಲ.

ಪಿಲಾರ್ ನನ್ನನ್ನು ನೋಡಿದಳು. ಮಾಧುರಿಯನ್ನು ನೋಡಿದಳು. ಮತ್ತೆ ನನ್ನನ್ನು. ತನ್ನ ಮೊಣಕಾಲು ಮುಟ್ಟಿ ತೋರಿಸಿ ಹುಬ್ಬೇರಿಸಿದಳು. ನಾನು ತಲೆಯಾಡಿಸಿದೆ, ಹೌದು, ನನ್ನ ಅವ್ವನದೇ. ಮೈಕು ಕೆಳಗಿಟ್ಟು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನನ್ನ ಕಡೆಗೇ ಬಂದಳು. ಬರುತ್ತ ಮೇಜಿನ ಮೇಲಿನ ಬಾಟಲಿ ಎತ್ತಿಕೊಂಡಳು.

ಒಂದೂವರೆ ತಿಂಗಳು ಇದೇ ಗಳಿಗೆಗೆ ಕಾದವಳು ನಾನು. ಆಕೆ ಕೆನ್ನೆ ಮುಂದೆ ಮಾಡಿ ಬಗ್ಗಿದಳು. ನಾನು ಮೂರು ಹೆಜ್ಜೆ ಹಿಂದೆ ಸರಿದೆ. ಬೇಕೆಂದು ಅಲ್ಲ. ಅಷ್ಟು ಕಲಿತದ್ದು, ಕಲಿಸಿದ್ದು ಎಲ್ಲ ಎಲ್ಲಿ ಹೋಯಿತೋ, ಕಾಲು ಹಿಂದೆ ಹೋಯಿತು. ಸುಮಿತ್ರಾಬಾಯಿಯನ್ನು ನೋಡಿ ನಕ್ಕಿದ್ದೆನಲ್ಲ.

ಪಿಲಾರ್ ತೋಳು ಮೂಸಿ ನೋಡಿಕೊಳ್ಳಲಿಲ್ಲ. ಆ ಮೂರು ಹೆಜ್ಜೆಯ ಕಥೆ ಅವಳಿಗೆ ಗೊತ್ತಿತ್ತು. ಹಿಂದೆಯೂ ಹೋಗಲಿಲ್ಲ, ಮುಂದೆಯೂ ಬರಲಿಲ್ಲ, ಇದ್ದಲ್ಲೇ ನಿಂತು ಕಾದಳು. ನಾನು ಗಂಟನ್ನು ಕೆಳಗಿಟ್ಟೆ. ಒಂದು, ಎರಡು, ಮೂರು, ನಾನೇ ನಡೆದು ಹೋದೆ. ಆ ಕೆನ್ನೆ ಬೆವರಿತ್ತು, ನನ್ನದೂ. "ಕೆರಿದಾ," ಅಂದಳು, ಆಮೇಲೆ ನನ್ನ ಹೆಸರಿಗಾಗಿ ತಡೆದಳು. "ಸ್ವರೂಪಾ," ಎಂದು ನಾನೇ ಹೇಳಿಕೊಟ್ಟೆ.

ಅವಳು ಇಡೀ ಅಂಗಳಕ್ಕೆ, ಗೋಡೆಯ ಹತ್ತಿರದವರಿಗೂ, ಒಬ್ಬೊಬ್ಬರಿಗೂ ಕೆನ್ನೆ ತಾಗಿಸಿದಳು. ಸುಮಿತ್ರಾಬಾಯಿ ಈ ಸಲ ತಾನೇ ಮುಖ ಚಾಚಿ, "ಬಾ ಬಾ, ನನಗೀಗ ನೆಗಡಿ ಇಲ್ಲ," ಅಂದಳು. ಆ ನೆಗಡಿಯ ಪತ್ರವನ್ನು ಕೇರಿಗೆಲ್ಲ ಓದಿ ಹೇಳಿದ್ದವಳು ನಾನೇ.

ಇನ್ನು ಕೊನೆಯದು. ಇದನ್ನು ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ.

ನಾಲ್ಕು ಗಂಟೆಗೆ ನ್ಯಾಲ್ಕಲ್ ಕಡೆಯ ಜೀಪು ಬಂತು. ಹೋಗುವಾಗಲೂ ಒಬ್ಬೊಬ್ಬರಿಗೂ ಮಾಡಬೇಕು ಎಂಬುದು ಪದ್ಧತಿ. ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು, ನಗುತ್ತಿದ್ದರು, ಆಟವಾಗಿಬಿಟ್ಟಿತ್ತು ಅವರಿಗೆ. ನಾನು ಈ ತುದಿಯಿಂದ ಶುರುಮಾಡಿದೆ. ಸುಮಿತ್ರಾಬಾಯಿಗೆ, ನಮ್ಮ ಕೇರಿಯ ಶಿಲ್ಪಾರಾಣಿಗೆ, ಊರೊಳಗಿನ ಇಬ್ಬರು ಮುದುಕಿಯರಿಗೆ. ಅವರು ಹಿಂದೆ ಸರಿಯಲಿಲ್ಲ. ಅವರ ಪಕ್ಕ ಮಾಧುರಿ ನಿಂತಿದ್ದಳು. ಅವಳ ಅಪ್ಪ ನಾಲ್ಕು ಮಾರು ದೂರದಲ್ಲಿ ನೋಡುತ್ತಿದ್ದರು. ಬಾಗಿಲು ಇಲ್ಲದ ಬಯಲು, ಎಲ್ಲರ ಕಣ್ಣೆದುರು. ಅವಳ ಕಣ್ಣಲ್ಲಿ ನೀರಿತ್ತು. "ಸ್ವರೂಪಾ," ಅಂದಳು, ಮತ್ತು ಕೆನ್ನೆ ಮುಂದೆ ಮಾಡಿದಳು.

ಚಂದನದ ಪೌಡರಿನ ವಾಸನೆ ಬಂತು.

ನಾನು ಅವಳನ್ನು ದಾಟಿ, ಆಚೆ ನಿಂತಿದ್ದ ಸಂಘದ ಕೌಶಲ್ಯಾಳ ಕೆನ್ನೆಗೆ ಕೆನ್ನೆ ಹಚ್ಚಿದೆ. ಮೊದಲು ಒಂದು, ಆಮೇಲೆ ಇನ್ನೊಂದು.